ಮೂವತ್ತೆರಡು ಮನೆ ಕಾದವಳು

ನನ್ನನ್ನು ಕೊಲೆಗಾತಿ ಎಂದು ಕರೆದದ್ದನ್ನು ನಾನು ನಾಲ್ಕನೇ ಸಾಲಿನಲ್ಲಿ ಕೂತು ಕೇಳಿದೆ.

ಇಂಚಿಯಾನ್‌ನಲ್ಲಿ ನಮ್ಮ ಬಡಾವಣೆಯ ಹಿರಿಯರ ಭವನದಲ್ಲಿ ತಿಂಗಳಿಗೊಂದು ಭಾಷಣ ಇರುತ್ತದೆ. ಒಮ್ಮೆ ಮಂಡಿನೋವು, ಒಮ್ಮೆ ಮರೆವು, ಒಮ್ಮೆ ಫೋನಿನಲ್ಲಿ ಮೋಸ ಮಾಡುವವರ ವಿಷಯ. ಮುಗಿದ ಮೇಲೆ ಎಲ್ಲರಿಗೂ ಊಟದ ಡಬ್ಬಿ ಕೊಡುತ್ತಾರೆ. ನಾನು ಹೋಗುವುದು ಡಬ್ಬಿಗೆ. ಆ ದಿನದ ವಿಷಯ ‘ಉತ್ತರದ ಬದುಕು’ ಎಂದು ಬಾಗಿಲಲ್ಲಿ ಬರೆದಿತ್ತು. ಗಡಿಯಾಚೆ ಉತ್ತರದಲ್ಲಿ ಅರವತ್ತೈದು ವರ್ಷ ಅದನ್ನೇ ಬದುಕಿ ದಕ್ಷಿಣಕ್ಕೆ ಬಂದವಳಿಗೆ ಹೊಸದಾಗಿ ಕೇಳುವುದೇನಿದೆ ಎಂದು ಕಣ್ಣು ಮುಚ್ಚಿ ಕೂತಿದ್ದೆ.

ವೇದಿಕೆಯ ಮೇಲಿನ ಹೆಂಗಸು ಚೊಂಗ್‌ಜಿನ್ ಎಂದು ನನ್ನ ಊರಿನ ಹೆಸರು ಹೇಳಿದಾಗ ಕಣ್ಣು ಬಿಟ್ಟೆ. ಬಂದರಿನ ಹಿಂದಿನ ಬೀದಿ ಎಂದಾಗ ಬೆನ್ನು ನೆಟ್ಟಗಾಯಿತು. ಕೂದಲು ಗುಂಗುರು ಮಾಡಿಸಿಕೊಂಡು ಗುಲಾಬಿ ಕೋಟು ತೊಟ್ಟಿದ್ದಳು; ಕೆನ್ನೆ ತುಂಬಿತ್ತು. ಆದರೂ ದನಿ ಅದೇ. ನನ್ನ ಬೀದಿಯ ಏಳನೇ ಮನೆಯ ಮ್ಯೊಂಗ್‌ಸಿಲ್.

“ನಮ್ಮ ಬೀದಿಗೆ ಒಬ್ಬಳು ಮುಖ್ಯಸ್ಥೆ ಇದ್ದಳು, ಕ್ವಾಕ್ ಅಂತ,” ಎನ್ನುತ್ತಿದ್ದಳು. “ಹಾವು. ಯಾರ ಮನೇಲಿ ಏನು ಬೇಯ್ತಿದೆ ಅಂತ ಬೀದಿ ಕೊನೇಲಿ ನಿಂತು ಮೂಸಿ ಹೇಳ್ತಿದ್ದಳು. ನನ್ನ ಗಂಡ ದಕ್ಷಿಣದ ರೇಡಿಯೋ ಕೇಳ್ತಾನೆ ಅಂತ ದೂರು ಕೊಟ್ಟಿದ್ದು ಅವಳೇ. ನನ್ನ ಗಂಡನ್ನ ಕೊಂದಿದ್ದು ಅವಳೇ.”

ಸಭೆ ಲೊಚಗುಟ್ಟಿತು. ನನ್ನ ಪಕ್ಕದಲ್ಲಿದ್ದ ಹೆಂಗಸು ಕೈಚೀಲದಿಂದ ಒಂದು ಕಿತ್ತಳೆ ತೆಗೆದು ನನ್ನ ಕೈಗಿಟ್ಟಳು. “ಅಂಥೋರು ನೆಮ್ಮದಿಯಾಗಿ ಸಾಯಲ್ಲ ಬಿಡಿ. ತಗೊಳ್ಳಿ, ತಿನ್ನಿ,” ಎಂದಳು.

ನಾನು ಸಿಪ್ಪೆ ಸುಲಿದು ತಿಂದೆ. ಸಿಹಿಯಾಗಿತ್ತು.

ನಾನು ಒಳ್ಳೆಯವಳಾಗಿದ್ದೆ ಎಂದು ಹೇಳಲು ಹೊರಟಿಲ್ಲ. ಇಪ್ಪತ್ತು ವರ್ಷ ಮೂವತ್ತೆರಡು ಮನೆಗಳ ಮುಖ್ಯಸ್ಥೆಯಾಗಿದ್ದೆ. ಯಾರ ಮನೆಗೆ ಯಾರು ಬಂದರು, ಎಷ್ಟು ದಿನ ಉಳಿದರು, ಯಾರ ಒಲೆಯಲ್ಲಿ ಮಾಂಸದ ವಾಸನೆ ಬಂತು, ಎಲ್ಲ ಬರೆದು ಒಪ್ಪಿಸುವುದು ನನ್ನ ಕೆಲಸ. ಹನ್ನೊಂದನೇ ಮನೆಯ ಹೆಂಗಸು ಚೀನಾದ ಬಟ್ಟೆ ಮಾರುತ್ತಿದ್ದಳೆಂದು ಬರೆದುಕೊಟ್ಟವಳು ನಾನೇ. ಅವಳು ಶಿಕ್ಷೆಯ ಶಿಬಿರದಲ್ಲಿ ಮೂರು ವರ್ಷ ಕಲ್ಲು ಹೊತ್ತು ಬಂದಳು. ಬಂದ ಮೇಲೂ ದಾರಿಯಲ್ಲಿ ಸಿಕ್ಕರೆ ನನಗೆ ತಲೆ ಬಾಗಿಸಬೇಕಿತ್ತು, ಬಾಗಿಸುತ್ತಿದ್ದಳು. ಅವಳು ಬಂದು ಹಾವು ಎಂದಿದ್ದರೆ ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ.

ಆದರೆ ಮ್ಯೊಂಗ್‌ಸಿಲ್‌ಳ ಗಂಡ ಕಿಹ್ವಾನ್‌ನ ವಿಷಯ ನಾನು ಎಲ್ಲೂ ಬರೆಯಲಿಲ್ಲ. ಅವನು ಬೊಂಡಾಸ್ ಮೀನು ಹಿಡಿಯುವ ದೋಣಿಯ ಮುಖಂಡ. ನಮ್ಮಲ್ಲಿ ರೇಡಿಯೋಗೆ ಒಂದೇ ಕೇಂದ್ರ. ಅದರ ಗುಂಡಿಯನ್ನು ಬೇರೆ ಕಡೆ ತಿರುಗಿಸಲಾಗದಂತೆ ಸೀಲು ಹಾಕಿರುತ್ತಾರೆ. ಅವನು ಸೀಲು ಕಿತ್ತಿದ್ದ. ಹಾಡು ಬೇಕಿರಲಿಲ್ಲ ಅವನಿಗೆ, ಸುದ್ದಿಯೂ ಬೇಕಿರಲಿಲ್ಲ. ಬೆಳಗಿನ ಜಾವ ಕಂಬಳಿಯೊಳಗೆ ತಲೆ ತೂರಿಸಿ ದಕ್ಷಿಣದವರ ಹವಾಮಾನ ವರದಿ ಕೇಳುತ್ತಿದ್ದ. ಪೂರ್ವ ಸಮುದ್ರದಲ್ಲಿ ಗಾಳಿ ಎಷ್ಟು, ಅಲೆ ಎಷ್ಟು ಎತ್ತರ. ನಮ್ಮ ರೇಡಿಯೋ ಒಂದು ತಿಂಗಳೆಲ್ಲ ಸಮುದ್ರ ಶಾಂತವಾಗಿದೆ ಎನ್ನುತ್ತಿತ್ತು. ಆ ತಿಂಗಳಲ್ಲೇ ಪಕ್ಕದ ಬಂದರಿನ ಮೂರು ದೋಣಿ ಮುಳುಗಿದವು. ಕಿಹ್ವಾನ್‌ನ ದೋಣಿ ಮಾತ್ರ ಗಾಳಿಯ ದಿನ ಏನಾದರೊಂದು ನೆಪ ಹೇಳಿ ದಡದಲ್ಲೇ ಉಳಿಯುತ್ತಿತ್ತು. ಆ ದೋಣಿಯಲ್ಲಿ ನನ್ನ ಮಗನೂ ಇದ್ದ. ಹೀಗಾಗಿ ನನಗೆ ಏಳನೇ ಮನೆಯ ಕಂಬಳಿಯ ಸದ್ದು ಕೇಳಿಸುತ್ತಿರಲಿಲ್ಲ.

ಒಂದು ದಿನ, ಬರುವ ಗುರುವಾರ ತಪಾಸಣೆ ಇದೆ ಎಂದು ಮೇಲಿನಿಂದ ತಿಳಿಸಿದರು. ಯಾವ ಮನೆ ಎಂದು ಕೇಳುವ ಹಾಗಿಲ್ಲ. ನಾನು ಏಳನೇ ಮನೆಯ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. “ಏನೇ ಇದು ಧೂಳು! ಗುರುವಾರ ಸಾಹೇಬರು ಬರ್ತಾರೆ, ಮನೆ ಹಸನು ಮಾಡು! ಕಿರುಚೋ ಸಾಮಾನೆಲ್ಲ ಆಚೆ ಎಸಿ!” ಮ್ಯೊಂಗ್‌ಸಿಲ್ ಕಣ್ಣಲ್ಲೇ ಹೂಂ ಎಂದಳು. ಮರುದಿನ ಕಿಹ್ವಾನ್ ರೇಡಿಯೋಗೆ ಕಲ್ಲು ಕಟ್ಟಿ ಸಮುದ್ರಕ್ಕೆ ಬಿಟ್ಟ. ಗುರುವಾರ ನೆಲದ ಹಲಗೆ ಎತ್ತಿ ನೋಡಿದರೂ ಏನೂ ಸಿಗಲಿಲ್ಲ.

ಮುಗಿಯಿತು ಎಂದುಕೊಂಡೆವು. ಆದರೆ ರೇಡಿಯೋ ಸಮುದ್ರಕ್ಕೆ ಬೀಳುವ ಮೊದಲೇ ಸುದ್ದಿ ಶಾಲೆಯಿಂದ ಹೊರಟಿತ್ತು. ಅವರ ಮಗಳು ಸೊಲ್ಮಿಗೆ ಆಗ ಒಂಬತ್ತು ವರ್ಷ. ಮಕ್ಕಳನ್ನು ಸಮುದ್ರ ದಂಡೆಗೆ ಕೆಲಸಕ್ಕೆ ಕರೆದುಕೊಂಡು ಹೋಗುತ್ತೇವೆ ಎಂದ ಟೀಚರಿಗೆ ಅವಳು, “ನಾಳೆ ಬೇಡ ಟೀಚರ್, ಜೋರು ಗಾಳಿ ಬರುತ್ತೆ, ಅಪ್ಪ ಕಂಬಳಿಯೊಳಗೆ ಕೇಳಿಸ್ಕೊಂಡಿದಾರೆ,” ಎಂದಿದ್ದಳು. ಮರುದಿನ ಗಾಳಿ ಬಂತು. ಟೀಚರು ಹೋಗಿ ಹೇಳಿದರು.

ಭದ್ರತಾ ಕಚೇರಿಗೆ ಮ್ಯೊಂಗ್‌ಸಿಲ್‌ಳನ್ನೂ ಮಗುವನ್ನೂ ಕರೆಸಿದರು. ಬೀದಿಯ ಮುಖ್ಯಸ್ಥೆ ಎಂದು ಸಾಕ್ಷಿಗೆ ನನ್ನನ್ನೂ ಕರೆಸಿದರು. ಮಗುವನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಮಿಠಾಯಿ ಕೊಟ್ಟಿದ್ದರು. ಅಧಿಕಾರಿ ಚಿಕ್ಕ ವಯಸ್ಸಿನವನು, ಒಮ್ಮೆಯೂ ದನಿ ಏರಿಸಲಿಲ್ಲ.

“ರೇಡಿಯೋ ಸಿಗಲಿಲ್ಲ. ಹಾಗಾಗಿ ಯಾರಾದ್ರೂ ಒಬ್ಬರ ಹೇಳಿಕೆ ಬೇಕು,” ಎಂದ. “ಹೇಳಿರೋದು ಮಗು. ಮಗುವಿನ ಹೆಸರಲ್ಲೇ ಬರ್ಕೊಂಡ್ರೆ ಸೋಮವಾರ ಶಾಲೇಲಿ ಎಲ್ಲರ ಮುಂದೆ ನಿಲ್ಲಿಸಿ ಹೂಗುಚ್ಛ ಕೊಡ್ತೀವಿ. ಅಪ್ಪನಿಗಿಂತ ದೇಶ ದೊಡ್ಡದು ಅಂತ ತೋರಿಸಿದ ಹುಡುಗಿ ಅಂತ. ಇಲ್ಲ ಅಂದ್ರೆ ನೀವೇ ಬಂದು ಹೇಳಿದ್ರಿ ಅಂತ ಬರ್ಕೊಡಿ. ನೀವು ಹೇಳ್ತೀರೋ, ಅವಳ ಕೈಲಿ ಹೇಳಿಸ್ಲೋ?”

ಮ್ಯೊಂಗ್‌ಸಿಲ್ ಒಮ್ಮೆ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅವಳು ಕಾಗದ ಎಳೆದುಕೊಂಡು ಬರೆದಳು. ಕೆಳಗೆ ಸಾಕ್ಷಿ ಎಂದು ನಾನು ಹೆಸರು ಬರೆದು ಹೆಬ್ಬೆಟ್ಟು ಒತ್ತಿದೆ.

ಕಿಹ್ವಾನ್‌ನನ್ನು ಮಧ್ಯಾಹ್ನ ಬಲೆ ಬಿಡಿಸುತ್ತಿದ್ದಲ್ಲಿಂದಲೇ ಕರೆದೊಯ್ದರು. ಸತ್ತ ಎಂದು ಕಾಗದವೂ ಬರಲಿಲ್ಲ, ಇದ್ದಾನೆ ಎಂದೂ ಬರಲಿಲ್ಲ. ಗೊತ್ತಿದ್ದೂ ವರದಿ ಮಾಡಲಿಲ್ಲವೆಂದು ನನ್ನನ್ನು ಕೆಲಸದಿಂದ ತೆಗೆದರು. ಮಗನನ್ನು ದೋಣಿಯಿಂದ ಇಳಿಸಿ ಗಣಿಗೆ ಕಳಿಸಿದರು. ಅವನ ಮೇಲೆ ಬಂಡೆ ಉರುಳಿದ ಮೇಲೆ ಅಲ್ಲಿ ನನ್ನದೆನ್ನುವುದು ಏನೂ ಉಳಿಯಲಿಲ್ಲ. ಚೀನಾದ ಗಡಿಯ ನದಿ ದಾಟಿದೆ.

ಭಾಷಣ ಮುಗಿದು ಎಲ್ಲರೂ ಡಬ್ಬಿಯ ಸಾಲಿಗೆ ನಿಂತಾಗ ನಾನು ವೇದಿಕೆಯ ಪಕ್ಕದ ಕೋಣೆಗೆ ಹೋದೆ. ಮ್ಯೊಂಗ್‌ಸಿಲ್ ಕನ್ನಡಿಯ ಮುಂದೆ ಕೂತು ಅತ್ತು ಕದಡಿದ ಕಾಡಿಗೆ ಒರೆಸಿಕೊಳ್ಳುತ್ತಿದ್ದಳು.

“ಸೊಲ್ಮಿ ಅಮ್ಮಾ,” ಎಂದೆ. “ಹಾವು ಬಂದಿದೆ.”

ಅವಳು ತಟ್ಟನೆ ಎದ್ದು ನಿಂತಳು. ಹಳೆಯ ಅಭ್ಯಾಸ. ಮುಖ್ಯಸ್ಥೆ ಮನೆಯೊಳಗೆ ಬಂದರೆ ಎದ್ದು ನಿಲ್ಲಬೇಕಿತ್ತು.

“ಅಕ್ಕಾ… ನೀವು ಬದುಕಿದೀರಾ?”

“ನಿನ್ನ ಭಾಷಣದಲ್ಲಿ ಇನ್ನೂ ಸಾಯಿಸಿಲ್ವಲ್ಲ, ಅದಕ್ಕೆ ಬದುಕಿದೀನಿ.”

“ಮೆಲ್ಲಗೆ ಮಾತಾಡಿ ಅಕ್ಕಾ.”

“ಯಾಕೆ? ಇಲ್ಲಿ ಯಾರು ಬರ್ಕೊಳ್ತಾರೆ? ಬರ್ಕೊಳ್ತಿದ್ದೋಳು ನಾನೇ ನಿನ್ನ ಮುಂದೆ ನಿಂತಿದೀನಿ.”

“ಸೊಲ್ಮಿ ಕಾರು ತಗೊಂಡು ಬರ್ತಾಳೆ ಈಗ. ಅವಳಿಗೆ ಏನೂ ಗೊತ್ತಿಲ್ಲ.” ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. “ಚೀನಾದಲ್ಲಿ ಒಂದು ಜೋಳದ ಕಣಜದಲ್ಲಿ ಅಡಗಿದ್ವಿ. ಅಪ್ಪನ ವಿಷಯ ಯಾರಮ್ಮ ಹೇಳಿದ್ದು ಅಂದಳು. ಏನು ಹೇಳ್ಲಿ? ನಿನ್ನ ಬಾಯಿಂದಲೇ ಹೊರಟಿದ್ದು ಅನ್ಲಾ? ನಾನೇ ಬರ್ಕೊಟ್ಟೆ ಅನ್ಲಾ? ನಿಮ್ಮ ಹೆಸರು ಬಾಯಿಗೆ ಬಂತು.”

“ಸುಲಭವಾಗಿ ಬಂತು ನೋಡು!”

“ನೀವು ಇಲ್ಲಿಗೆ ಬರ್ತೀರಿ ಅಂತ ಯಾರಿಗೆ ಗೊತ್ತಿತ್ತು? ಆಮೇಲೆ ಟೀವಿಯೋರು ಕೇಳಿದ್ರು, ಸಭೆಯೋರು ಕೇಳಿದ್ರು. ಹೆಸರು ಹೇಳಿದ್ರೆ ಜನ ನಂಬ್ತಾರೆ ಅಂದ್ರು.”

“ಹಾವು ಅಂತ ಸೇರಿಸು ಅಂದೋರು ಯಾರು?”

ಅವಳು ಕೈ ಬಿಟ್ಟಳು. “ಅದು ನಾನೇ,” ಎಂದಳು.

ಅಷ್ಟರಲ್ಲಿ ಸೊಲ್ಮಿ ಬಂದಳು. ಇಪ್ಪತ್ತೈದರ ಹುಡುಗಿ, ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ, ಮಾತೆಲ್ಲ ಇಲ್ಲಿಯವರದ್ದೇ. ನನ್ನ ತಲೆ ಬೆಳ್ಳಗಾಗಿ ಹಲ್ಲು ಉದುರಿದ್ದರಿಂದ ಗುರುತು ಸಿಗಲಿಲ್ಲ. “ಊರ ಕಡೆಯೋರು. ನಾಮ್ ಅಜ್ಜಿ ಅಂತ,” ಎಂದು ಅವಳ ತಾಯಿ ಬಾಯಿಗೆ ಬಂದ ಹೆಸರು ಹೇಳಿದಳು. ಊರಿನವರು ಸಿಕ್ಕರೆಂದು ಹುಡುಗಿಗೆ ಹಿಗ್ಗು. ಊಟ ಮಾಡದೆ ಬಿಡುವುದಿಲ್ಲವೆಂದು ತಣ್ಣನೆಯ ಶಾವಿಗೆ ಮಾಡುವ ಅಂಗಡಿಗೆ ಎಳೆದುಕೊಂಡು ಹೋದಳು. ನನಗೆ ಅಗಿಯಲಾಗುವುದಿಲ್ಲ ಎಂದು ಕಂಡು ತಾನೇ ಕತ್ತರಿಯಿಂದ ಶಾವಿಗೆ ಕತ್ತರಿಸಿಕೊಟ್ಟಳು.

“ಬಾಯಿ ತೆಗೀರಿ ಅಜ್ಜಿ, ನೋಡೋಣ. ಅಯ್ಯಯ್ಯೋ! ಮೇಲೆ ಬರೀ ನಾಲ್ಕು. ನಮ್ಮ ಆಸ್ಪತ್ರೆಗೆ ಬನ್ನಿ, ನಾನು ಮಾಡಿಸ್ತೀನಿ.” ಆಮೇಲೆ ಕತ್ತರಿ ಕೆಳಗಿಟ್ಟು ಕೇಳಿದಳು. “ಅಜ್ಜಿ, ನಿಮಗೆ ಆ ಕ್ವಾಕ್ ಗೊತ್ತಿತ್ತಾ? ಬೀದಿ ಮುಖ್ಯಸ್ಥೆ?”

ಮ್ಯೊಂಗ್‌ಸಿಲ್‌ಳ ಕೈಯ ಊಟದ ಕಡ್ಡಿ ಬಟ್ಟಲಿನ ಮೇಲೆ ನಿಂತಿತು.

“ಗೊತ್ತಿತ್ತು,” ಎಂದೆ.

“ಇನ್ನೂ ಇದಾಳಾ?”

“ಸತ್ತಳು. ಮಗ ಗಣಿಯಲ್ಲಿ ಸತ್ತ. ಆಮೇಲೆ ಇವಳೂ ಹೊಟ್ಟೆಗಿಲ್ಲದೆ ಸತ್ತಳು.”

“ಒಳ್ಳೇದಾಯ್ತು,” ಎಂದಳು ಸೊಲ್ಮಿ. ತನ್ನ ಬಟ್ಟಲಿನಲ್ಲಿದ್ದ ಅರ್ಧ ಮೊಟ್ಟೆ ಎತ್ತಿ ನನ್ನ ಬಟ್ಟಲಿಗೆ ಹಾಕಿದಳು. “ನೀವು ತಿನ್ನಿ ಅಜ್ಜಿ. ಮೆತ್ತಗಿದೆ.”

ಉತ್ತರದಿಂದ ಬಂದ ನಮ್ಮಂಥ ಹೊಸಬರನ್ನು ವಿಚಾರಿಸಿಕೊಳ್ಳಲು ಒಬ್ಬ ಪೊಲೀಸಿನವನಿದ್ದಾನೆ. ಆ ವಾರ ಅವನು ಬಂದಾಗ, ಒಬ್ಬರು ನನ್ನ ಮೇಲೆ ಇಲ್ಲದ್ದು ಹೇಳುತ್ತಿದ್ದಾರೆ, ಏನು ಮಾಡಬಹುದು ಎಂದು ಕೇಳಿದೆ.

“ಮಾನನಷ್ಟದ ಮೊಕದ್ದಮೆ ಹಾಕಿ ಅಜ್ಜಿ. ಸರ್ಕಾರವೇ ವಕೀಲರನ್ನ ಕೊಡುತ್ತೆ.”

“ಯಾರ ಮೇಲೆ ಬೇಕಾದ್ರೂ ಹಾಕಬಹುದಾ?”

“ಯಾರ ಮೇಲೆ ಬೇಕಾದ್ರೂ. ನನ್ನ ಮೇಲೂ ಹಾಕಬಹುದು,” ಎಂದು ನಕ್ಕು ಅರ್ಜಿ ತಂದುಕೊಟ್ಟ.

ಆ ಅರ್ಜಿ ನಾಲ್ಕು ದಿನ ನನ್ನ ಮೇಜಿನ ಮೇಲಿತ್ತು. ಬೇರೆಯವರ ವಿಷಯ ತುಂಬಿಕೊಡುವ ಕಾಗದಗಳೇ ನನಗೆ ಗೊತ್ತಿದ್ದದ್ದು. ನಿನಗೆ ಏನು ಅನ್ಯಾಯವಾಯಿತು ಎಂದು ಕೇಳುವ ಕಾಗದವನ್ನು ನಾನು ಅದೇ ಮೊದಲು ನೋಡಿದ್ದು. ಕಿಟಕಿಯ ಬಳಿ ಕೂತು ಯೋಚಿಸಿದೆ. ಈ ಹದಿನೈದು ಅಂತಸ್ತಿನ ಕಟ್ಟಡದಲ್ಲಿ ಮೂರು ವರ್ಷದಿಂದ ಇದ್ದೇನೆ, ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ಎದುರು ಮನೆಯ ಮುದುಕ ಸತ್ತದ್ದು ಒಂಬತ್ತನೇ ದಿನ ವಾಸನೆಯಿಂದ ತಿಳಿಯಿತು. ನನ್ನ ಬೀದಿಯಲ್ಲಿ ಯಾರಾದರೂ ಎರಡು ಸಲ ಕೆಮ್ಮಿದರೂ ನನಗೆ ಗೊತ್ತಾಗುತ್ತಿತ್ತು. ಗಂಜಿ ಹೋಗುತ್ತಿತ್ತು, ಜೊತೆಗೆ ವರದಿಯೂ ಹೋಗುತ್ತಿತ್ತು. ಎಲ್ಲಿಯ ಬಾಳು ಒಳ್ಳೆಯದು ಎಂದು ಇಲ್ಲಿಯ ಜನ ನನ್ನನ್ನು ಆಗಾಗ ಕೇಳುತ್ತಾರೆ. ಇಲ್ಲಿಯದೇ ಎಂದು ತಡಮಾಡದೆ ಹೇಳುತ್ತೇನೆ. ಆ ಮುದುಕನ ವಾಸನೆ ಮೂಗಿನಲ್ಲಿದ್ದಾಗಲೂ ಅದನ್ನೇ ಹೇಳಿದೆ. ಕೇಳಿದವರಿಗೆ ಖುಷಿಯಾಗುತ್ತದೆ, ನನಗೆ ಆಗುವುದಿಲ್ಲ.

ಐದನೇ ದಿನ ಮ್ಯೊಂಗ್‌ಸಿಲ್‌ಗೆ ಫೋನ್ ಮಾಡಿದೆ. “ಅರ್ಜಿ ಮೇಜಿನ ಮೇಲಿದೆ. ನೀನು ಹೇಳ್ತೀಯೋ, ನಾನು ಹೇಳ್ಲೋ?”

ಹೇಳಿದ ಮೇಲೆ ಆ ಮಾತನ್ನು ಹಿಂದೆ ಯಾರು, ಯಾವ ಕೋಣೆಯಲ್ಲಿ ಆಡಿದ್ದರೆಂದು ನೆನಪಾಯಿತು. ಅವಳಿಗೂ ನೆನಪಾಗಿರಬೇಕು.

“ಹದಿನಾಲ್ಕನೇ ತಾರೀಖು ಸುವೋನ್‌ನಲ್ಲಿ ಗ್ರಂಥಾಲಯದಲ್ಲಿ ಭಾಷಣ ಇದೆ. ಬನ್ನಿ,” ಎಂದಳು.

ಹೋದೆ. ಎಂಬತ್ತು ಜನರಿದ್ದರು. ಮ್ಯೊಂಗ್‌ಸಿಲ್ ಗುಲಾಬಿ ಕೋಟು ತೊಟ್ಟಿರಲಿಲ್ಲ, ಕಾಡಿಗೆ ಹಚ್ಚಿರಲಿಲ್ಲ. ದೋಣಿಯ ಮಾತು, ರೇಡಿಯೋದ ಮಾತು ಎಂದಿನಂತೆ ಬಂದವು. ಆಮೇಲೆ ಅವಳು ನೀರು ಕುಡಿದಳು.

“ಇಷ್ಟು ವರ್ಷ ನಾನು ಸುಳ್ಳು ಹೇಳಿದೆ. ಕ್ವಾಕ್ ನಮ್ಮ ಹೆಸರು ಹೇಳಲಿಲ್ಲ. ಅವರು ನಮ್ಮನ್ನ ಎಚ್ಚರಿಸಿದ್ರು. ರೇಡಿಯೋ ಆಗಲೇ ಸಮುದ್ರದ ತಳದಲ್ಲಿತ್ತು, ಅಧಿಕಾರಿಗಳ ಹತ್ರ ಸಾಕ್ಷಿ ಏನೂ ಇರಲಿಲ್ಲ. ನನ್ನ ಮಾತು ಬೇಕಿತ್ತು. ನಾನು ಬರ್ಕೊಟ್ಟೆ. ಹೆದರಿಕೆ ಆಯ್ತು, ಬರ್ಕೊಟ್ಟೆ. ನನ್ನ ಗಂಡನ್ನ ಕಳಿಸಿದ್ದು ನಾನೇ.”

ಅಷ್ಟೇ ಹೇಳಿದಳು. ಶಾಲೆ, ಟೀಚರು, ಹೊರಗಿನ ಬೆಂಚು ಯಾವುದೂ ಬರಲಿಲ್ಲ. ನಾನು ಕಾಯುತ್ತ ಕೂತಿದ್ದೆ, ಬರಲಿಲ್ಲ. ಸಭೆಯಲ್ಲಿ ಒಬ್ಬರು ಕೆಮ್ಮಿದರು. ಮುಂದಿನ ಸಾಲಿನ ಹೆಂಗಸು ಅಳಲು ತೆಗೆದಿದ್ದ ಕರವಸ್ತ್ರವನ್ನು ಮಡಿಸಿ ಒಳಗಿಟ್ಟುಕೊಂಡಳು. ನಿರ್ವಾಹಕ, ಪ್ರಶ್ನೆಗಳಿದ್ದರೆ ಕೇಳಬಹುದು ಎಂದ. ಒಬ್ಬ ಮುದುಕ ಕೈಯೆತ್ತಿದ.

“ಅಲ್ಲಿ ಹುಲ್ಲು ತಿಂತಿದ್ರಂತಲ್ಲ, ಅದು ಯಾವ ಹುಲ್ಲು?”

ಮ್ಯೊಂಗ್‌ಸಿಲ್ ಹುಲ್ಲಿನ ಹೆಸರು ಹೇಳಿದಳು. ಹೇಗೆ ಬೇಯಿಸುತ್ತಿದ್ದೆವು ಎಂದೂ ಹೇಳಿದಳು. ಚಪ್ಪಾಳೆ ತಟ್ಟಿದರು. ಹೊರಡುವಾಗ ನಿರ್ವಾಹಕ, “ಇವತ್ತು ಸ್ವಲ್ಪ ಭಾರವಾಯ್ತು ಮೇಡಂ,” ಎಂದು ವಿನಯದಿಂದ ಬಾಗಿದ. ಆಮೇಲೆ ಅವಳನ್ನು ಯಾರೂ ಭಾಷಣಕ್ಕೆ ಕರೆಯಲಿಲ್ಲ.

ಅಷ್ಟೇ ಅವಳಿಗಾದ ಶಿಕ್ಷೆ. ಯಾರೂ ಬಾಗಿಲು ಬಡಿಯಲಿಲ್ಲ, ಯಾರೂ ಎಲ್ಲಿಗೂ ಕರೆದೊಯ್ಯಲಿಲ್ಲ. ಬಸ್ಸು ಹಿಡಿದು ಮನೆಗೆ ಬರುವಾಗ ನನಗೆ ಕಿಹ್ವಾನ್ ಮೇಲೆ ಸಿಟ್ಟು ಬಂತು, ಏಕೆಂದು ಗೊತ್ತಿಲ್ಲ. ಅವನು ನಾಳೆ ಗಾಳಿ ಬೀಸುತ್ತದೆಯೇ ಎಂದು ತಿಳಿದುಕೊಂಡದ್ದಕ್ಕೆ ಹೋದ. ಅವನ ಹೆಂಡತಿ ಎಂಬತ್ತು ಜನರ ಮುಂದೆ ಇಷ್ಟು ದೊಡ್ಡದನ್ನು ಹೇಳಿದಳು, ಜನ ಹುಲ್ಲಿನ ಬಗ್ಗೆ ಕೇಳಿ ಮನೆಗೆ ಹೋದರು. ಆ ನೆಲಕ್ಕೂ ಈ ನೆಲಕ್ಕೂ ನಡುವೆ ದೋಣಿಯಲ್ಲಿ ಒಂದು ಹಗಲಿನ ದಾರಿಯೂ ಇರಲಾರದು.

ಸೊಲ್ಮಿ ಆ ದಿನ ಹಿಂದಿನ ಸಾಲಿನಲ್ಲಿ ನಿಂತು ಕೇಳಿದ್ದಳು. ತಾಯಿಯೇ ಕರೆಸಿದ್ದಳಂತೆ. ಅದೇ ವಾರ ಬಟ್ಟೆಬರೆ ಕಟ್ಟಿಕೊಂಡು ಬೇರೆ ಮನೆ ಹಿಡಿದಳು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದಳು. ಕೈಯಲ್ಲಿ ಸೇಬಿನ ಪೆಟ್ಟಿಗೆ. ಒಳಗೆ ಬಂದು ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು.

“ಕ್ವಾಕ್ ಅಜ್ಜಿ, ನೀವು ಯಾರು ಅಂತ ಅಮ್ಮ ಹೇಳಿದಳು. ಆ ದಿನ ಶಾವಿಗೆ ಅಂಗಡೀಲಿ ನಾನು ನಿಮ್ಮೆದುರಿಗೇ ಅಂಥ ಮಾತಾಡಿದೆ.”

“ಮೊಟ್ಟೆ ಕೊಟ್ಟೆಯಲ್ಲ. ಏಳು,” ಎಂದೆ.

ಚಹಾ ಕುಡಿದಳು. ಬಟ್ಟಲು ಕೆಳಗಿಡದೆ ಕೈಯಲ್ಲೇ ತಿರುಗಿಸುತ್ತಿದ್ದಳು.

“ನೀವು ಆ ಕೋಣೇಲಿದ್ರಂತೆ. ಅಮ್ಮನ್ನ ಹೊಡೆದ್ರಾ?”

“ಇಲ್ಲ.”

“ಮತ್ತೆ?”

“ಹೆದರಿಸಿದ್ರು. ಎಲ್ಲರನ್ನೂ ಹೆದರಿಸ್ತಿದ್ರು.”

“ಅಷ್ಟಕ್ಕೇ ಬರ್ಕೊಟ್ಬಿಟ್ಟಳಾ? ಬೇರೆ ಏನೂ ಇರ್ಲಿಲ್ವಾ ಅಜ್ಜಿ? ನನಗೆ ಆ ವರ್ಷದ್ದು ಒಂದೂ ನೆನಪಿಲ್ಲ. ಅಮ್ಮನ್ನ ಕೇಳಿದ್ರೆ ಹೆದರಿಕೆ ಆಯ್ತು, ಹೆದರಿಕೆ ಆಯ್ತು ಅಷ್ಟೇ ಅಂತಾಳೆ. ಒಂದು ಕಾರಣ ಹೇಳಿ. ಚಿಕ್ಕದಾದ್ರೂ ಪರವಾಗಿಲ್ಲ. ನಾನು ಇವತ್ತೇ ಮನೆಗೆ ಹೋಗ್ತೀನಿ.”

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಾಯಿಯದೇ ಕಣ್ಣು. ಒಂದು ಮಾತು ಹೇಳಿದ್ದರೆ ಸಾಕಿತ್ತು, ತಾಯಿ ಮಗಳು ಸಂಜೆಯೊಳಗೆ ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು. ಆಮೇಲೆ ಈ ಹುಡುಗಿ ಬಾಳೆಲ್ಲ ಬಾಯಿ ತೆರೆಯುವ ಮುನ್ನ ಆ ಗಾಳಿಯ ದಿನವನ್ನು ನೆನೆಯುತ್ತಿದ್ದಳು.

“ಇಲ್ಲ ಮಗಳೇ,” ಎಂದೆ. “ಅಷ್ಟೇ ಇದ್ದದ್ದು.”

ಇದನ್ನು ಆ ಹುಡುಗಿಯ ಮೇಲಿನ ಕರುಣೆಯಿಂದಲೇ ಹೇಳಿದೆ ಎಂದು ಹೇಳಿಕೊಳ್ಳಬಹುದು. ಆದರೆ ಹೇಳುವಾಗ ನನ್ನೊಳಗೆ ಇನ್ನೊಂದೂ ಇತ್ತು. ಅಷ್ಟು ವರ್ಷ ನನ್ನ ಹೆಸರು ಹೊತ್ತದ್ದನ್ನು ಈಗ ಮ್ಯೊಂಗ್‌ಸಿಲ್ ಹೊರಲಿ ಎನ್ನುವ ಹಾಗಿನದು. ಎರಡರಲ್ಲಿ ಯಾವುದು ಹೆಚ್ಚಿತ್ತೆಂದು ಅಳೆದು ನೋಡಲು ಹೋಗಿಲ್ಲ.

ಸೊಲ್ಮಿ ಹೋದ ಮೇಲೆ ಮಧ್ಯಾಹ್ನ ಮ್ಯೊಂಗ್‌ಸಿಲ್ ಫೋನ್ ಮಾಡಿದಳು. ಅವಳು ಈಗ ಒಂದು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ.

“ಬಂದಿದ್ಲಾ?”

“ಬಂದಿದ್ದಳು.”

“ಹೇಳಿದ್ರಾ?”

“ಇಲ್ಲ.”

“ಏನಾದ್ರೂ ತಿಂದ್ಲಾ?” ಎಂದು ಕೇಳಿದಳು.

“ಸೇಬು ಹೆಚ್ಚಿಕೊಟ್ಟೆ. ಅರ್ಧ ತಿಂದಳು.”

“ಅರ್ಧ,” ಎಂದಳು ಮ್ಯೊಂಗ್‌ಸಿಲ್. “ಸಣ್ಣಗಾಗಿದಾಳಾ ಅಕ್ಕಾ?”

“ಸ್ವಲ್ಪ,” ಎಂದೆ.